ಶೆಡ್ಡಿನ ತಿಳಿನೀಲಿ ವ್ಯಾತ್ಕಾ

ಏಪ್ರಿಲ್ 14, ಬೆಳಿಗ್ಗೆ 6

ಹಾಲು ಕುಡಿಸಿದ್ದಾಯಿತು. ಮತ್ತೆ ಅಳು. ಮಗಳು ಉಸ್ತ್ಯಾ ಹುಟ್ಟಿ ಇಂದಿಗೆ ಹತ್ತೊಂಬತ್ತನೇ ದಿನ. ಮಲಗಿದರೂ ಭಯ — ಉಸಿರಾಡುತ್ತಿದ್ದಾಳಾ ಎಂದು ಬಗ್ಗಿ ಬಗ್ಗಿ ನೋಡುತ್ತೇನೆ. ಗಂಡ ಗ್ಲೆಬ್ ಉತ್ತರದ ತೈಲಬಾವಿಯಲ್ಲಿ. ಪಾಳಿ ಮುಗಿದು ಮನೆಗೆ ಬರುವುದು ಜೂನಿಗೆ.

ಅತ್ತೆಯ ಫೋನ್. "ನಲವತ್ತು ದಿನ ಹೊರಗಿನವರ ಕಣ್ಣು ಮಗು ಮೇಲೆ ಬೀಳಬಾರದು. ಯಾರಿಗೂ ಮನೆ ಬಾಗಿಲು ತೆಗೀಬೇಡ, ತಿಳೀತಾ?"

ಯಾರು ಬರುತ್ತಾರೆ? ಗೆಳತಿಯರೂ ನಲವತ್ತು ಕಳೆಯಲಿ ಎಂದೇ ಕಾಯುತ್ತಿದ್ದಾರೆ.

ಏಪ್ರಿಲ್ 16

ಅಂಗಳದ ಶೆಡ್ಡಿನಲ್ಲಿ ಅಪ್ಪನ ಸ್ಕೂಟರ್. ವ್ಯಾತ್ಕಾ, 1961ರದ್ದು, ನಮ್ಮೂರ ಕಾರ್ಖಾನೆಯದೇ. ಅಪ್ಪ ಹೋಗಿ ಎರಡು ವರ್ಷ. ಫೋಟೊ ತೆಗೆದು ಮಾರಾಟಕ್ಕೆಂದು ವೆಬ್‌ಸೈಟಿನಲ್ಲಿ ಜಾಹೀರಾತು ಹಾಕಿದೆ. ಶೆಡ್ಡಿಗೆ ಬಂದವರು ಮನೆಗೆ ಬಂದ ಹಾಗಲ್ಲವಲ್ಲ...

ಏಪ್ರಿಲ್ 17

ಒಬ್ಬ ಬಂದ! ಅರ್ಧ ಗಂಟೆ ಕಾರ್ಬ್ಯುರೇಟರ್ ಬಗ್ಗೆ ಮಾತಾಡಿದ. ಒಂದೂ ಅರ್ಥವಾಗಲಿಲ್ಲ. ಎಷ್ಟು ಹಿತವಾಗಿತ್ತು. ಕೊಳ್ಳುತ್ತೇನೆ ಎಂದಾಗ ಕಾಗದಪತ್ರ ಕಳೆದಿದೆ ಎಂದೆ. ಸುಳ್ಳು. ಡ್ರಾಯರಿನಲ್ಲೇ ಇದೆ.

ಏಪ್ರಿಲ್ 23, ಸಂಜೆ

ಇದುವರೆಗೆ ಆರು ಜನ. ಒಬ್ಬನಿಗೆ ಕೀಲಿ ಸಿಗುತ್ತಿಲ್ಲ ಎಂದೆ, ಇನ್ನೊಬ್ಬನಿಗೆ ಗಂಡನನ್ನು ಕೇಳಬೇಕು ಎಂದೆ.

ಇಂದು ಫೋನ್ ಮಾಡಿ ಬಂದವರು ಲಿದಿಯಾ ಎಫಿಮೋವ್ನಾ. ಎಂಬತ್ತನಾಲ್ಕು. ಒಂದು ಕಾಲಕ್ಕೆ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದವರು. ಸ್ಕೂಟರಿನ ಹೊಟ್ಟೆ ಸವರಿದರು. "ನಾನೇ ಹೊಡೆದಿದ್ನೋ ಏನೋ. ನನ್ ಮುಖಕ್ಕಿಂತ ಚೆನ್ನಾಗಿ ಉಳ್ಕೊಂಡಿದೆ ನೋಡು!"

ತಳ್ಳುಗಾಡಿಯಲ್ಲಿ ಉಸ್ತ್ಯಾ ಕಿರುಚಿದಳು. ಅಜ್ಜಿ ತಟ್ಟನೆ ಮುಖ ಬೇರೆಡೆ ತಿರುಗಿಸಿ, ದೃಷ್ಟಿ ತಾಗದಿರಲೆಂದು ಎಡಹೆಗಲ ಮೇಲೆ ಮೂರು ಸಲ ತೂ ತೂ ತೂ ಎಂದರು. "ನೋಡಲ್ಲ, ಹೆದರ್ಬೇಡ. ನೀನು ಕೊನೇ ಸಲ ಮಲಗಿದ್ದು ಯಾವಾಗ ಮಗಳೇ?"

ನೆನಪಾಗಲಿಲ್ಲ.

ಗಾಡಿಗೆ ಬೆನ್ನು ಹಾಕಿ ನಿಂತು, ಕೈ ಹಿಂದಕ್ಕೆ ಚಾಚಿ ತೂಗಿದರು. ನಾನು ಶೆಡ್ಡಿನ ಮೂಲೆಯ ಮೂಟೆಗೆ ಒರಗಿದ್ದಷ್ಟೇ ಗೊತ್ತು. ಎದ್ದಾಗ ಒಂದು ಗಂಟೆ ಕಳೆದಿತ್ತು. ಅವರು ಹಾಗೇ ನಿಂತಿದ್ದರು.

ಏಪ್ರಿಲ್ 25

ಕಜಾನ್ ನಗರದಿಂದ ರಾದಿಕ್ ಎಂಬವನು ಟ್ರೇಲರ್ ಸಮೇತ ಬಂದ.

"ಕೀಲಿ ಇಲ್ಲ," ಎಂದೆ.

"ಬೇಡ."

"ಕಾಗದ ಇಲ್ಲ."

"ಓಡ್ಸೋಕಲ್ಲ, ಇಟ್ಕೊಳೋಕೆ. ಹೇಳಿದ ಬೆಲೆಗೇ ತಗೋತೀನಿ."

"ಗಂಡನ್ನ ಕೇಳ್ಬೇಕು..."

"ಕೇಳಿ. ಕಾಯ್ತೀನಿ." ಟ್ರೇಲರಿನ ಹಗ್ಗ ಬಿಚ್ಚತೊಡಗಿದ.

ಇನ್ನು ಸುಳ್ಳು ಉಳಿದಿರಲಿಲ್ಲ. "ಮಾರಲ್ಲ," ಎಂದೆ.

"ಏನಮ್ಮಾ ಯಜಮಾನ್ತಿ, ತಮಾಷೆನಾ? ಮತ್ಯಾಕೆ ಜಾಹೀರಾತು ಹಾಕಿದ್ದು?"

"ಯಾರಾದ್ರೂ ಬರ್ಲಿ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಹಗ್ಗ ಸುತ್ತಿಕೊಂಡು ಹೋದ. ನಾಚಿಕೆಯಾಗಿ ಜಾಹೀರಾತು ತೆಗೆದುಬಿಟ್ಟೆ.

ಏಪ್ರಿಲ್ 29, ಬೆಳಿಗ್ಗೆ 11

ನಾಲ್ಕು ದಿನ ಫೋನ್ ಸದ್ದಿಲ್ಲ. ನನ್ನ ಧ್ವನಿ ನನಗೇ ಬೇರೆಯವರದ್ದು ಅನ್ನಿಸುತ್ತದೆ. ಲಿದಿಯಾ ಎಫಿಮೋವ್ನಾ ನಂಬರ್ ಮೂರು ಸಲ ಒತ್ತಿದೆ, ಕತ್ತರಿಸಿದೆ. ಯಾವ ನೆಪ ಹೇಳಿ ಕರೆಯುವುದು? ನಾಲ್ಕನೇ ಸಲ ಎತ್ತಿಬಿಟ್ಟರು.

"ಸ್ಕೂಟರ್ ಮಾರಾಟಕ್ಕಿಲ್ಲ," ಎಂದೆ. "ಸುಮ್ನೆ... ಬರ್ತೀರಾ?"

"ಅಯ್ಯೋ ಹುಚ್ಚಿ, ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ಹೊರಟಿದ್ದಾರೆ. ಕೆಟಲ್ ಇಟ್ಟೆ. ಅತ್ತೆಗೆ ಏನು ಹೇಳಲಿ — ಆಮೇಲೆ ನೋಡಿದರಾಯಿತು. ಅಂಗಳದಲ್ಲಿ ಅಜ್ಜಿಯ ಕೋಲಿನ ಸದ್ದು. ಶೆಡ್ಡಿನ ಕಡೆಗೇ ಹೋಗುತ್ತಿದ್ದಾರೆ, ಕರೆಯಬೇಕು, ಮನೆ ಬಾಗಿಲು ತೆಗೆ—