ಬ್ರೌಸರಿನೊಳಗಿನ ಇಂಚರ

ಕೆಂಗೇರಿ, ಮಂಗಳವಾರ

ರೇವಂತಣ್ಣನಿಗೆ,

ಹಾಸ್ಟೆಲ್ ಸೇರಿದ್ದೇನೆ. ‘ಇಂಚರ’ ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲಿ ಕಥೆ ಬರೆಯಲೆಂದೇ ಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ಬೇರೆ ಪ್ರೊಫೈಲ್ ಇಟ್ಟುಕೊಂಡಿದ್ದೆ. ನಾನು ಸ್ನಾನಕ್ಕೆ ಹೋದಾಗ ನೀನು ಅದನ್ನು ತೆರೆದು, “ಅಪ್ಪಾ, ನೋಡಿ, ಮನೆ ಮಾನ ತೆಗೀತಿದಾಳೆ” ಎಂದು ಕೂಗಿದೆ. ಅಪ್ಪ ನನಗೆ ಕಾಲೇಜು ಬಿಡು ಎಂದರು; ನಾನು ಮನೆ ಬಿಟ್ಟೆ. ಕದ್ದು ಓದಿದವನನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ಅಂಕಪಟ್ಟಿಗಳನ್ನು ಅಮ್ಮನ ಕೈಲಿ ಕಳಿಸು. ನೀನು ಬರಬೇಡ.

ಒಂದು ವರ್ಷದಿಂದ ಇಂಚರಳ ಪ್ರತಿ ಕಥೆಯ ಕೆಳಗೂ, “ಮೇಡಂ, ನಿಮ್ಮಂಥ ಧೈರ್ಯವಂತ ಹೆಣ್ಮಕ್ಳು ಪ್ರತಿ ಮನೇಲೂ ಇರ್ಬೇಕು” ಎಂದು ಬರೆಯುತ್ತಿದ್ದವನು ನೀನು. ನಿನ್ನದೇ ಹೆಸರು, ನಿನ್ನದೇ ಫೋಟೋ. ಇದನ್ನು ಅಪ್ಪನಿಗೆ ಹೇಳಿಲ್ಲ. ಒಬ್ಬರ ಗುಟ್ಟನ್ನು ಇನ್ನೊಬ್ಬರ ಮುಂದೆ ಒದರುವಷ್ಟು ಕೆಳಗೆ ನಾನು ಇಳಿದಿಲ್ಲ.

ಇತಿ,
ಬಿಂದುಶ್ರೀ