ಔಷಧಿಗೆ ಕೊಟ್ಟ ಮುಡಿ

ಹಿರೀಸಾವೆಯ ಶಶಿಕುಮಾರ್ ಅವರಿಗೆ,

ಹೋದ ಭಾನುವಾರ ನೀವು ನಮ್ಮೂರು ಮೊಸಳೆಗೆ ನನ್ನನ್ನು ನೋಡಲು ಬಂದಾಗ ಕಣ್ಣಿಗೊತ್ತಿಕೊಂಡು ತಿಂದ ಲಡ್ಡು ತಿರುಪತಿಯದಲ್ಲ, ಹಾಸನದ ಬೇಕರಿಯದು. ನಮ್ಮ ದೇವರಾಜ್ ಮಾವ ಹಿಂದಿನ ದಿನವೇ ತಂದಿಟ್ಟಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಕೋಪ. ಅದು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪತ್ರ.

ಮಾವ ನಿಮಗೆ ಹೇಳಿದ್ದು ಸುಳ್ಳು, ನಮ್ಮಮ್ಮ ತಿರುಪತಿಗೆ ಮುಡಿ ಕೊಟ್ಟಿಲ್ಲ. ಅವಳಿಗೆ ಸ್ತನ ಕ್ಯಾನ್ಸರ್. ಕೂದಲು ಉದುರಿದ್ದು ಕೀಮೋದಿಂದ. "ಮದ್ವೆ ಆಗೋಗಂಟ ಬಾಯ್ಬುಡ್ಬೇಡ ಕಣವ್ವ, ತಾಯಿಗೆ ಬಂದಿದ್ದು ಮಗ್ಳಿಗೂ ಬತ್ತದೆ ಅಂತಾರೆ" ಎಂದು ಮಾವ ನನಗೆ ಹೇಳಿ, ಅಮ್ಮನ ತಲೆಗೆ ಸೆರಗು ಹೊದಿಸಿ ಮೂಲೆಯಲ್ಲಿ ಕೂರಿಸಿದರು. ನಾನೂ ಸುಮ್ಮನಿದ್ದೆ. ಅದಕ್ಕೀಗ ನಾಚಿಕೆಯಾಗುತ್ತಿದೆ.

ಲ್ಯಾಬಿನ ಕೆಲಸ ಅಂದಾಗ ನಾನು ರಕ್ತ ತೆಗೆಯುವವಳು ಅಂದುಕೊಂಡಿರಿ. ಅಲ್ಲ. ದೇಹದಿಂದ ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ ಬಣ್ಣ ಕೊಡುತ್ತೇನೆ. ಅಮ್ಮನ ಚೂರನ್ನೂ ನಾನೇ ಸೀಳಿದೆ. ಬೇರೆಯವರು ಮಾಡಲಿ ಬಿಡು ಅಂದರು ಲ್ಯಾಬಿನವರು, ನಾನು ಬಿಡಲಿಲ್ಲ. ಸಾಮಾನ್ಯವಾಗಿ ಹಾಲಿನ ನಾಳದ ಕೋಶಗಳೇ ಕೆಟ್ಟು ಗುಂಪುಗಟ್ಟಿರುವುದು ಕಾಣುತ್ತದೆ. ಅಮ್ಮನದರಲ್ಲಿ ಒಂದು ಕಡೆ ಚರ್ಮದ ಕೋಶಗಳಂಥವು, ಇನ್ನೊಂದು ಕಡೆ ನೂಲುವ ಕದಿರಿನಂತೆ ಉದ್ದನೆಯವು, ನಡುವೆ ತಿಳಿನೀಲಿಯಾಗಿ ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು. ಎದೆಯಲ್ಲಿ ಎಲುಬು! ಡಾಕ್ಟರು ಮೆಟಾಪ್ಲಾಸ್ಟಿಕ್ ಅಂದರು, ಒಂದು ಬಗೆಯ ಕೋಶ ಇನ್ನೊಂದು ಬಗೆಯ ವೇಷ ಹಾಕುವ ಕ್ಯಾನ್ಸರ್. ಸ್ತನ ಕ್ಯಾನ್ಸರ್ ಬಂದ ನೂರರಲ್ಲಿ ಒಬ್ಬರಿಗೂ ಇದು ಬರುವುದಿಲ್ಲ, ಹಟಮಾರಿ ಜಾತಿ ಅಂದರು. ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಕೂಡ ಎತ್ತಲಿಲ್ಲ. "ಅದು ಅಟಮಾರಿ ಆದ್ರೆ ನಾನೇನು ಪಾಪದೋಳಾ? ಕುಯ್ಸಾಕನ ನಡಿ" ಅಂದಳು.

ಆಪರೇಷನ್ ಮಾಡಿಸಿ ಕೊಯ್ಯಿಸಿದ್ದಾಯಿತು. ನಾಲ್ಕು ಕೀಮೋ ಮುಗಿದಿದೆ, ಇನ್ನೆರಡು ಬಾಕಿ. ಗೆಲ್ಲುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ರಾತ್ರಿ ಅವಳ ಉಸಿರು ಕೇಳುತ್ತಾ ಮಲಗುವ ನನಗೆ ಭಯವಿದೆ. ಆದರೆ ಸೆರಗಿನಡಿ ಮುಖ ಮರೆಸಿಕೊಳ್ಳಲು ಅವಳು ಏನೂ ಕದ್ದಿಲ್ಲ. ನನಗೂ ಬರುತ್ತದೆಯೇ ಅಂದರೆ, ಬಂದರೂ ಬರಬಹುದು. ಆಗಾಗ ತೋರಿಸಿಕೊಳ್ಳುತ್ತೇನೆ. ಗ್ಯಾರಂಟಿ ಬೇಕಾದವರು ಮಿಕ್ಸಿ ಕೊಳ್ಳಲಿ.

ಗುರುವಾರ ವೀಳ್ಯಶಾಸ್ತ್ರಕ್ಕೆ ಬರುತ್ತೇವೆ ಅಂದಿದ್ದೀರಿ. ಬಂದರೆ ಅಮ್ಮ ಬೋಳುತಲೆಯಲ್ಲೇ ನಡುಮನೆಯಲ್ಲಿ ಕೂರುತ್ತಾಳೆ, ತಾಂಬೂಲ ಅವಳೇ ಕೊಡುತ್ತಾಳೆ. ಮಾವನಿಗೆ ಹೇಳಿಯಾಗಿದೆ, ಕೂಗಾಡಿ ಸುಮ್ಮನಾದರು. ಅಂದು ನಿಮ್ಮ ತಾಯಿ ಆ ತಲೆಗೆ ಭಕ್ತಿಯಿಂದ ಕೈಮುಗಿದರು. ದೇವರಿಗೆ ಕೊಟ್ಟ ಮುಡಿಗೆ ಮುಗಿದ ಕೈ ಔಷಧಿಗೆ ಕೊಟ್ಟ ಮುಡಿಗೂ ಮುಗಿಯುವುದಾದರೆ ಬನ್ನಿ. ಇಲ್ಲವಾದರೆ ಬರಬೇಡಿ, ನಮ್ಮದೇನೂ ಮುಳುಗಿಹೋಗುವುದಿಲ್ಲ.

ಎರಡರಲ್ಲಿ ಯಾವುದಾದರೂ ಸರಿ, ಎದೆಯಲ್ಲಿ ಗಂಟು ಕಂಡರೆ ಮುಚ್ಚಿಡಬೇಡಿ ಎಂದು ನಿಮ್ಮ ತಾಯಿಗೆ ಹೇಳಿ. ನೀವು ಈ ಸಂಬಂಧ ಬಿಟ್ಟರೂ, ಅವರ ಚೂರು ಎಂದಾದರೂ ನನ್ನ ಮೇಜಿಗೆ ಬಂದರೆ ಅಮ್ಮನದರಷ್ಟೇ ಜೋಪಾನವಾಗಿ ಸೀಳುತ್ತೇನೆ. ಬಾರದೇ ಇರಲಿ, ಅವರು ನೂರು ವರ್ಷ ಬಾಳಲಿ.

ಏನನ್ನೂ ಬಚ್ಚಿಡದೆ,
ಆಶಾರಾಣಿ