ಮಾತು ಬಿಟ್ಟ ಮನೆ

ಆಗಸ್ಟ್ 5, ಸೋಮವಾರ

ಬದನಗುಪ್ಪೆ ಬಸ್ಸಿನಲ್ಲಿ ಇವತ್ತೂ ಸೀಟಿಲ್ಲ. ಫ್ಯಾಕ್ಟರಿಯಲ್ಲಿ ದಿನವೆಲ್ಲ ನಿಂತು, ಚಾಮರಾಜನಗರದ ರೂಮಿಗೂ ನಿಂತೇ ಬಂದೆ. ಕಾಲು ಬಿದ್ದುಹೋಗಿದೆ. ಸಿದ್ದಾರ್ಥನ ಫೋನ್ ಬಂತು, ನೋವು ಮರೆತೆ. ನಾಚಿಕೆಗೆಟ್ಟವಳು ನಾನು.

ನಮ್ಮೂರು ಭೀಮನಬೀಡಿನಲ್ಲಿ ಅವರ ಹೊಲ, ನಮ್ಮ ಹೊಲ ಅಕ್ಕಪಕ್ಕ. ಜಾತಿಯೂ ಒಂದೇ. ತಾತಂದಿರು ಬೋರ್‌ವೆಲ್ ನೀರಿಗೆ ಬಡಿದಾಡಿಕೊಂಡರಂತೆ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಸಾವಿಗೂ ಹೋಗುವುದಿಲ್ಲ. ನಾವಿಬ್ಬರು ಮಾತಾಡಿದ್ದು ಗುಂಡ್ಲುಪೇಟೆ ಬಸ್ಸಿನಲ್ಲಿ. ಊರಿನಲ್ಲಿ ಇವತ್ತಿಗೂ ಮುಖ ತಿರುಗಿಸಿಕೊಂಡೇ ಹೋಗುತ್ತೇವೆ.

ಆಗಸ್ಟ್ 8, ಗುರುವಾರ

ಅಮ್ಮನ ಫೋನ್. "ಭಾನ್ವಾರ ಗಂಡಿನ್ ಕಡೆಯೋರು ಬತ್ತರೆ. ಶನ್ವಾರನೇ ಬಂದ್ಬುಡು ಕಣಮ್ಮಿ." ನನ್ನನ್ನು ಕೇಳಿದ್ದಲ್ಲ, ತಿಳಿಸಿದ್ದು. ಮೈ ಉರಿಯಿತು.

ಸಿದ್ದಾರ್ಥನಿಗೆ ಹೇಳಿದೆ. ಎಲ್ಲಾದರೂ ಹೋಗಿಬಿಡೋಣ ಅಂದೆ. ಒಪ್ಪಲಿಲ್ಲ. "ಓಡೋಗದ್ಯಾಕೆ? ಭಾನ್ವಾರ ವತ್ತಾರೆ ನಿಮ್ಮಪ್ಪ ಮೋಟ್ರು ಆನ್ ಮಾಡಕ್ ಒಬ್ರೇ ಬತ್ತರಲ್ಲ, ಅಲ್ಲೇ ಓಗಿ ಕೇಳ್ತೀನಿ. ಎಲ್ಡೇಟು ಒಡುದ್ರೆ ಒಡೀಲಿ ಬುಡು."

ನಕ್ಕೆ. ಆಮೇಲೆ ಅಳು ಬಂತು... ಹಣೆಬರಹ ಚೆನ್ನಾಗಿದ್ದರೆ ಅಪ್ಪ ಕೇಳಿಸಿಕೊಳ್ಳಬಹುದು.

ಆಗಸ್ಟ್ 11, ಭಾನುವಾರ. ಬೆಳಿಗ್ಗೆ 6

ಅಪ್ಪ ಇನ್ನೂ ಹೊಲಕ್ಕೆ ಹೋಗಿಲ್ಲ. ನೆಂಟರು ಬರುತ್ತಾರೆಂದು ಶೇವ್ ಮಾಡಿಕೊಳ್ಳುತ್ತ ಕೂತಿದ್ದಾರೆ. ತಡ ಆಯ್ತಲ್ಲ ಅಂದೆ. ಅಮ್ಮ ಒಲೆ ಮುಂದಿನಿಂದಲೇ — "ಊ ಕಣೆ, ತಂತಿ ಕರೆಂಟೂ ತಗೀಬೇಕು. ಕಡ್ಲೆಕಾಯ್ಗೆ ಹಂದಿ ಬಿದ್ದವೆ ಅಂತ ಮೊನ್ನೆಯಿಂದ ಬದಿನ್ ತಂತಿಗೆ ಕರೆಂಟ್ ಕೊಟ್ಟವ್ರೆ."

ತಂತಿಗೆ ಕರೆಂಟ್ ಕೊಟ್ಟವರು ಪಕ್ಕದ ಹೊಲದವರಿಗೆ ಹೇಳಿಬರಬೇಕು. ಎಂಥ ಕಡುವೈರಿಯೂ ಹೇಳುತ್ತಾನೆ. ಹೇಳಿದ್ದಾರಾ ಅಂತ ಕೇಳಿದೆ.

"ಆ ಮನೆಗಾ? ಯಾರಮ್ಮಿ ಯೋಳರು?"

ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತಿದೆ. ಎತ್ತುತ್ತಿಲ್ಲ. ಮತ್ತೆ ರಿಂಗ್—

ಆಗಸ್ಟ್ 27

ಹದಿನೈದು ದಿನವಾದರೂ ಬರೆಯಲು ಕೈ ಬಂದಿರಲಿಲ್ಲ. ಸಿದ್ದಾರ್ಥ ಇಲ್ಲ. ಅಪ್ಪ ಜೈಲಿನಲ್ಲಿ. ಸಾಯಿಸಬೇಕೆಂದು ಅಪ್ಪ ತಂತಿ ಎಳೆದದ್ದಲ್ಲ, ನನಗೆ ಗೊತ್ತು. ಆದರೂ ಕ್ಷಮಿಸಲು ಆಗುತ್ತಿಲ್ಲ.

ಅವನು ಮೋಟರ್ ಕೇಬಲ್ ಕದಿಯಲು ಬಂದಿದ್ದ ಅಂತ ನಮ್ಮವರೇ ಊರೆಲ್ಲ ಹಬ್ಬಿಸಿದ್ದಾರೆ. ಹಾಗಂದರೆ ಕೇಸು ಹಗುರವಾಗುತ್ತದಂತೆ. ಅಮ್ಮ ಕಾಲು ಹಿಡಿಯುವುದೊಂದು ಬಾಕಿ — "ನೀ ಬಾಯ್ಬುಡ್ಬೇಡ ಕಣಮ್ಮಿ. ನಿಮ್ಮಪ್ಪನ್ ಉಳಿಸ್ಕೊ."

ಇವತ್ತು ಅವನ ತಾಯಿ ಚಿಕ್ಕಬಸಮ್ಮ ನಮ್ಮ ಬಾಗಿಲಿಗೆ ಬಂದರು. ಹೊಸಿಲು ದಾಟಲಿಲ್ಲ. "ನನ್ ಮಗ ಕಳ್ಳ ಅಲ್ಲ. ಅಷ್ಟೊತ್ಗೆ ನಿಮ್ಮೊಲಕ್ ಯಾಕ್ ಬಂದ? ಅದೊಂದ್ ಯೋಳ್ಬುಡಿ, ಓಯ್ತಿನಿ."

ಅಮ್ಮ ನನ್ನ ಕೈ ಅದುಮಿದರು. ಬಿಡಿಸಿಕೊಂಡೆ.

"ನನ್ನ ಹೆಣ್ ಕೇಳಕ್ ಬಂದಿದ್ದ, ಅತ್ತೆ" ಅಂದೆ.

ಅವರು ಹೊಸಿಲಾಚೆಯೇ ಕೂತರು. ಬೈಯಲಿಲ್ಲ. ನನ್ನ ಮುಖ ನೋಡಿ ಕೇಳಿದರು — "ನಂಗೊಂದ್ ಮಾತ್ ಯೋಳ್ಬಾರ್ದಾಗಿತ್ತಾ ಮಗ? ನಾನೇ ಬಂದ್ ಕೇಳ್ತಿದ್ನಲ್ಲ."

ಹೇಳಬಹುದಿತ್ತು. ಊರಿಗೆ ಬಂದಾಗಲೆಲ್ಲ ಅವರ ಮನೆ ಮುಂದೆಯೇ ಬಸ್ಸಿಗೆ ಹೋಗುತ್ತಿದ್ದೆ. ಒಂದು ದಿನವೂ ನಾನು—